ಎಂಟರವರೆಗೆ ಎಣಿಸುತ್ತಿದ್ದವರು

ಮಿರ್ಕಾಬ್ ಬಡಾವಣೆಯ ನಮ್ಮ ಹಳೆಯ ಕಟ್ಟಡವನ್ನು ಕೆಡವಲು ಸುತ್ತ ತಗಡಿನ ಬೇಲಿ ಹಾಕಿದ ವಾರವೇ ಅವರು ಊರಿನಲ್ಲಿ ತೀರಿಕೊಂಡ ಸುದ್ದಿ ಬಂತು. ಕುವೈತ್‌ನಲ್ಲಿರುವ ನಮ್ಮ ಕಡೆಯವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಎರಡು ಸಾಲು ಬರೆದು ಹಾಕಿದ್ದರು. ಕೆಳಗೆ ಕೈಮುಗಿದ ಚಿತ್ರಗಳು ಒಂದರ ಹಿಂದೊಂದು. ನಡುವೆ ಒಬ್ಬರು "ಇವರು ಯಾರು, ಗೊತ್ತಾಗಲಿಲ್ಲ" ಎಂದು ಕೇಳಿದ್ದರು. ಹಾಗೆ ಕೇಳಿದ ಮಹಾಶಯರು ಈ ದೇಶಕ್ಕೆ ಬಂದಿಳಿದ ವಾರ ಅವರ ಮೊದಲ ಫೋಟೋ ತೆಗೆದದ್ದು ತೀರಿಕೊಂಡ ಈ ಮನುಷ್ಯರೇ. ನನಗೆ ಗೊತ್ತು, ಏಕೆಂದರೆ ಅವರಲ್ಲಿಗೆ ಕಳಿಸಿದವನು ನಾನು. ಉತ್ತರ ಬರೆಯೋಣವೆಂದು ಬೆರಳಿಟ್ಟೆ, ಮತ್ತೆ ಬೇಡ ಅನ್ನಿಸಿ ಫೋನ್ ಕೆಳಗಿಟ್ಟೆ.

ಇಲ್ಲಿಯೂ ಅವರ ಹೆಸರು ಬರೆಯುವುದಿಲ್ಲ. ತಾವು ತೆಗೆದ ಯಾವ ಫೋಟೋದ ಹಿಂದೆಯೂ ಅವರು ಹೆಸರಿನ ಮೊಹರು ಒತ್ತಿದವರಲ್ಲ. ಅವರ ಮುತ್ತಜ್ಜನ ಕಾಲದಲ್ಲಿ ಫೋಟೋ ಅಂಟಿಸುವ ದಪ್ಪ ರಟ್ಟಿನ ಹಿಂದೆ ಚಿನ್ನದ ಬಣ್ಣದಲ್ಲಿ ತೆಗೆದವರ ಹೆಸರು, ಊರು, ಸುತ್ತ ಒಂದು ಹೂಬಳ್ಳಿ ಇರುತ್ತಿತ್ತಂತೆ. "ಅಷ್ಟು ಚಂದ ಬರೆಸಿದ ಹೆಸರೇ ಈಗ ಯಾರಿಗೂ ಗೊತ್ತಿಲ್ಲ, ನನ್ನದೆಂತ ಮಾರಾಯ" ಎನ್ನುತ್ತಿದ್ದರು. ಹಾಗಾಗಿ ಎಲ್ಲರೂ ಕರೆಯುತ್ತಿದ್ದಂತೆ ಸ್ಟುಡಿಯೋದಣ್ಣ ಎಂದೇ ಬರೆಯುತ್ತೇನೆ. ನಾವಿಬ್ಬರೂ ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಅದು ನಮ್ಮ ಊರಿನ ಕನ್ನಡವಾಗಿ ಬರುತ್ತದೆ.

ಆ ಕಟ್ಟಡದ ಮೊದಲ ಮಹಡಿಯ ಟೈಪಿಂಗ್ ಆಫೀಸಿನಲ್ಲಿ ನಾನು ಹದಿನೇಳು ವರ್ಷ ಕೂತಿದ್ದೆ. ಇಲ್ಲಿ ವಾಸಕ್ಕೆ ಬೇಕಾದ ಪರವಾನಗಿಗೆ ಇಕಾಮಾ ಎನ್ನುತ್ತಾರೆ. ಅದಕ್ಕೆ ಅರಬಿಯಲ್ಲಿ ಅರ್ಜಿ ತುಂಬಿಸಿಕೊಡುವುದು ನನ್ನ ಕೆಲಸ. ಅರ್ಜಿಗೆ ಫೋಟೋ ಬೇಕು. ನನ್ನ ಬಾಗಿಲಿಗೆ ಎದುರು ಬಾಗಿಲು ಸ್ಟುಡಿಯೋ. ಜನ ನನ್ನಲ್ಲಿಂದ ಎದ್ದು ನಾಲ್ಕು ಹೆಜ್ಜೆ ನಡೆದು ಅವರಲ್ಲಿಗೆ ಹೋಗಬೇಕು, ಫೋಟೋ ಹಿಡಿದು ಮತ್ತೆ ನನ್ನಲ್ಲಿಗೆ ಬರಬೇಕು. ಆ ನಾಲ್ಕು ಹೆಜ್ಜೆಗೆ ಐದು ನಿಮಿಷ ಸಾಕಿತ್ತು. ಆದರೆ ಅವರು ಅರ್ಧ ಗಂಟೆ ಹಿಡಿಸುತ್ತಿದ್ದರು. ನನ್ನ ಮುಂದೆ ಸಾಲು ನಿಂತವರು ಮುಖ ಊದಿಸಿಕೊಂಡು ಗಡಿಯಾರ ನೋಡುತ್ತಿದ್ದರೆ ಅತ್ತ ಬಾಗಿಲ ಒಳಗಿಂದ ಅವರು ಎಣಿಸುವ ದನಿ ಕೇಳುತ್ತಿತ್ತು.

ಹೌದು, ಎಣಿಸುತ್ತಿದ್ದರು. ಸ್ಟೂಲಿನ ಮೇಲೆ ಕೂರಿಸಿ, ಗಂಡಸಾದರೆ ಎರಡು ಬೆರಳಿಂದ ಗಲ್ಲ ಸ್ವಲ್ಪ ಎತ್ತಿ, ಹೆಂಗಸಾದರೆ ಮುಟ್ಟದೆ ತಮ್ಮದೇ ಗಲ್ಲ ಎತ್ತಿ ತೋರಿಸಿ, ಕ್ಯಾಮೆರಾದ ಹಿಂದೆ ಹೋಗಿ "ಅಲ್ಲಾಡಬೇಡಿ" ಎಂದು ಒಂದರಿಂದ ಶುರು. ಒಂದು, ಎರಡು, ಮೂರು. ಎಂಟಕ್ಕೆ ಕ್ಲಿಕ್. ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಯುವ ಡಿಜಿಟಲ್ ಕ್ಯಾಮೆರಾಕ್ಕೆ ಎಂಟು ಯಾತಕ್ಕೆ? ಈಜಿಪ್ಟಿನ ಒಬ್ಬ ಡ್ರೈವರ್ ಮೂರಕ್ಕೇ ಎದ್ದು "ಯಲ್ಲಾ, ಉಸ್ತಾದ್, ಖಲಾಸ್" ಎಂದು ಕೂಗಾಡಿದ್ದು ನನ್ನ ಮೇಜಿನವರೆಗೂ ಕೇಳಿಸಿತ್ತು. ಅಣ್ಣ ಅವನನ್ನು ಮತ್ತೆ ಕೂರಿಸಿ ಮತ್ತೆ ಒಂದರಿಂದ ಹಿಡಿದರು.

ಮುತ್ತಜ್ಜ ಎಂಟರವರೆಗೆ ಎಣಿಸುತ್ತಿದ್ದರಂತೆ. ಆ ಕಾಲದ ಗಾಜಿನ ಹಲಗೆಯ ಮೇಲೆ ಮುಖ ಮೂಡಲು ಅಷ್ಟು ಹೊತ್ತು ಬೇಕಿತ್ತು. ಕೂತವರ ತಲೆ ಅಲ್ಲಾಡದಂತೆ ಹಿಂದಿನಿಂದ ಕಬ್ಬಿಣದ ಕವೆಯೊಂದು ಕುತ್ತಿಗೆ ಹಿಡಿದಿರುತ್ತಿತ್ತು. ಅದರ ಮೂರು ಕಾಲಿನ ಸ್ಟ್ಯಾಂಡು ಅಣ್ಣ ಸಣ್ಣವರಿದ್ದಾಗಲೂ ಮನೆಯಲ್ಲಿತ್ತು, ಅವರ ಅಮ್ಮ ಅದಕ್ಕೆ ಒದ್ದೆ ಟವೆಲ್ ನೇತುಹಾಕುತ್ತಿದ್ದರು. ಮುತ್ತಜ್ಜನಿಗೆ ಅಗತ್ಯವಾಗಿದ್ದುದು ಮರಿಮಗನಿಗೆ ಹಟವಾಗಿತ್ತು. ಜನ ಕ್ಯಾಮೆರಾದ ಮುಂದೆ ಒಂದು ಮುಖ ತಂದು ಇಟ್ಟುಕೊಳ್ಳುತ್ತಾರೆ, ಆರೇಳು ಎಣಿಸುವಷ್ಟರಲ್ಲಿ ಅದು ಸುಸ್ತಾಗಿ ಇಳಿಯುತ್ತದೆ, ಎಂಟಕ್ಕೆ ಅವರದೇ ಮುಖ ಸಿಗುತ್ತದೆ ಎನ್ನುವುದು ಅವರ ವಾದ. ನಾನು ನಗುತ್ತಿದ್ದೆ. ಇಕಾಮಾ ಕಚೇರಿಯವರಿಗೆ ಜನರ ಸ್ವಂತ ಮುಖ ಕಟ್ಟಿಕೊಂಡು ಏನಾಗಬೇಕು? ನಿಜವಾಗಿಯೂ ಒಮ್ಮೆ ಖೈತಾನ್‌ನ ಶಾಲೆಯೊಂದರ ಟೀಚರೊಬ್ಬರ ಅರ್ಜಿ ಕಚೇರಿಯಿಂದ ವಾಪಸಾಯಿತು, ಫೋಟೋದಲ್ಲಿ ತುಟಿಯ ಕೊನೆಗೆ ನಗು ಇದೆಯೆಂದು. ಅಣ್ಣನಿಗೆ ಅದು ಸನ್ಮಾನ ಸಿಕ್ಕಿದಷ್ಟು ಖುಷಿ.

ಅಲ್ಲಿಂದ ಪ್ರತಿಯೊಬ್ಬರದ್ದೂ ಎರಡು ತೆಗೆಯಲು ಶುರುಮಾಡಿದರು. ಒಂದು ಸರಕಾರಕ್ಕೆ, ಬಿಳಿ ಗೋಡೆಯ ಮುಂದೆ, ಮೂರಕ್ಕೇ ಕ್ಲಿಕ್. ಇನ್ನೊಂದು ಮನೆಗೆ, ಚಿತ್ರ ಬರೆದ ಪರದೆಯ ಮುಂದೆ, ಎಂಟಕ್ಕೆ. ಎರಡನೆಯದನ್ನು ಸುಮ್ಮನೆ ಕೊಡುತ್ತಿದ್ದರು. ಆ ಪರದೆಯೂ ಮುತ್ತಜ್ಜನ ಸ್ಟುಡಿಯೋದ ನೆನಪಿನದೇ. ಎರಡು ದಪ್ಪ ಕಂಬ, ಮೇಲೆ ಹೊರಲು ಯಾವ ಚಾವಣಿಯೂ ಇಲ್ಲ, ಹಿಂದೆ ಒಂದು ಮೆಟ್ಟಿಲು, ಹೂಕುಂಡ. ಖೈತಾನ್‌ನ ಪಾಕಿಸ್ತಾನಿ ಬೋರ್ಡ್ ಬರೆಯುವವನೊಬ್ಬ ಅದನ್ನು ಬಿಡಿಸಿದ್ದ. ಮೂಲೆಯಲ್ಲಿ ತನ್ನದೇ ಲೆಕ್ಕದಲ್ಲಿ ಒಂದು ಖರ್ಜೂರದ ಮರ ಸೇರಿಸಿದ್ದ. ಕೇಳಿದ್ದಕ್ಕೆ, ಭಾಯಿ, ಅಲ್ಲಿ ಖಾಲಿ ಕಾಣುತ್ತಿತ್ತು ಎಂದನಂತೆ. ಎಷ್ಟೋ ಮನೆಗಳ ಗೋಡೆಯಲ್ಲಿ ಹೋಟೆಲ್ ಮಾಣಿಗಳೂ ಲಿಫ್ಟ್ ರಿಪೇರಿಯವರೂ ಆ ಕಂಬಗಳ ನಡುವೆ ರಾಜಗಾಂಭೀರ್ಯದಲ್ಲಿ ನಿಂತಿರಬಹುದು.

ಅವರ ಇನ್ನೊಂದು ಕ್ರಮ ಹೇಳಬೇಕು, ಏಕೆಂದರೆ ಎಲ್ಲ ಆದದ್ದು ಅದರಿಂದಲೇ. ಫೋಟೋ ಮನಸ್ಸಿಗೆ ಬಾರದಿದ್ದರೆ ಅವರು ಅದನ್ನು ಗಿರಾಕಿಯ ಎದುರೇ ಹರಿಯುತ್ತಿದ್ದರು. ಕೊಟ್ಟುಬಿಡಿ ಪರವಾಗಿಲ್ಲ ಎಂದರೂ ಇಲ್ಲ. ಸಾಲ್ಮಿಯಾದಿಂದ ಒಬ್ಬರು ನರ್ಸ್ ಬರುತ್ತಿದ್ದರು, ಮಂಗಳೂರು ಕಡೆಯ ಕೊಂಕಣಿ ಮಾತಾಡುವವರು. ಮದುವೆ ಸಂಬಂಧಕ್ಕೆ ಕಳಿಸಲು ಫೋಟೋ ಬೇಕು, ಬಣ್ಣ ಸ್ವಲ್ಪ ತಿಳಿ ಮಾಡಿ ಎಂದು ಕೇಳಿಕೊಂಡರು. ಅಣ್ಣ ಕಂಪ್ಯೂಟರಿನಲ್ಲಿ ಮಾಡಿಯೂ ಕೊಟ್ಟರು. ಪ್ರಿಂಟ್ ಹೊರಬಂತು. ಕೈಯಲ್ಲಿ ಹಿಡಿದು ಎಡಗಣ್ಣು ಅರ್ಧ ಮುಚ್ಚಿ ನೋಡಿದರು, ಅದು ಅವರ ಅಭ್ಯಾಸ. ಆಮೇಲೆ ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು.

"ಕೆಟ್ಟ ಫೋಟೋ ಒಮ್ಮೆ ಹೊರಗೆ ಹೋಯ್ತು ಅಂದ್ರೆ ಮತ್ತೆ ಅದೇ ನಿಜ ಆಗ್ತದೆ, ಸಿಸ್ಟರ್. ನಾಳೆ ಅವರು ನಿಮ್ಮನ್ನು ನೋಡಿ ನೀವೇ ಸುಳ್ಳು ಅಂತಾರೆ."

ನರ್ಸ್ ಅಳು ಬಂದಂತಾಗಿ ಎದ್ದುಹೋದರು, ಇನ್ನೊಂದು ಸ್ಟುಡಿಯೋದಲ್ಲಿ ಬೇಕಾದ ಹಾಗೆ ಮಾಡಿಸಿಕೊಂಡರು. ನಾನು ಅಣ್ಣನಿಗೆ ಸರಿಯಾಗಿ ಬೈದೆ. ಹೊಟ್ಟೆಪಾಡಿಗೆ ಬಂದವರು ನಾವು, ಇಲ್ಲಿ ಕಲೆ ಉದ್ಧಾರ ಮಾಡಲು ಯಾರು ಹೇಳಿದರು ಎಂದೆ.

ಮುತ್ತಜ್ಜನ ಕಥೆ ನನಗೆ ತುಂಡುತುಂಡಾಗಿ ಸಿಕ್ಕಿದ್ದು ಶುಕ್ರವಾರ ಬೆಳಗ್ಗೆಗಳಲ್ಲಿ. ಆ ದಿನ ರಜೆ. ಕೆಳಗಿನ ಹೋಟೆಲಿನಿಂದ ಇಡ್ಲಿ ತಂದು ಇಬ್ಬರೂ ಸ್ಟುಡಿಯೋದಲ್ಲಿ ಕೂರುತ್ತಿದ್ದೆವು. ಮದರಾಸಿನಿಂದ ಬಂದಿದ್ದ ಒಬ್ಬ ಬಿಳಿಯ ಛಾಯಾಗ್ರಾಹಕನ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದ್ದ ಮುತ್ತಜ್ಜ, ನೋಡಿ ನೋಡಿಯೇ ವಿದ್ಯೆ ಕಲಿತು, ಹದಿನೆಂಟುನೂರ ಎಂಬತ್ತರ ಆಸುಪಾಸಿನಲ್ಲಿ ಮಂಗಳೂರಿನಲ್ಲಿ ಸ್ವಂತ ಸ್ಟುಡಿಯೋ ಹಾಕಿದರಂತೆ. ಉತ್ತರಕ್ಕೆ ಗಾಜಿನ ಮಾಡು. ಗಾಜಿನ ಹಲಗೆಗೆ ಮದ್ದು ಹಚ್ಚಿ, ಬೆಳ್ಳಿಯ ನೀರಿನಲ್ಲಿ ಅದ್ದಿ, ಅದು ಒಣಗುವ ಮೊದಲೇ ಫೋಟೋ ತೆಗೆದು ತೊಳೆಯಬೇಕಿತ್ತು. ಒಬ್ಬರಿಂದ ಆಗುವ ಕೆಲಸವಲ್ಲ. ಕತ್ತಲೆ ಕೋಣೆಯಲ್ಲಿ ಹಲಗೆ ಅದ್ದಿಕೊಡುತ್ತಿದ್ದುದು ಮುತ್ತಜ್ಜಿ. ಬೆಳ್ಳಿಯ ನೀರು ತಾಗಿ ಅವರ ಬಲಗೈಯ ಮೂರು ಬೆರಳು ಕಪ್ಪಾಗಿ, ಎಷ್ಟು ತಿಕ್ಕಿದರೂ ಹೋಗದೆ ಹಾಗೇ ಉಳಿದಿದ್ದವು. ಮದುವೆ ಮುಂಜಿಯಲ್ಲಿ ಬಡಿಸಲು ನಿಂತರೆ ಜನ ಆ ಕೈ ನೋಡಿ ಬೇಡವೆನ್ನುತ್ತಿದ್ದರಂತೆ. ಕೊನೆಕೊನೆಗೆ ಅವರು ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟರು.

ಆಮೇಲೆ ಹೊಸ ಕ್ಯಾಮೆರಾಗಳು ಬಂದವು, ಗಾಜಿನ ಕಾಲ ಮುಗಿಯಿತು. ಅಜ್ಜನ ಕಾಲದಿಂದ ಅಪ್ಪನ ಕಾಲದವರೆಗೆ, ಗಿರಾಕಿಗಳು ಒಯ್ಯದೆ ಉಳಿದ ನೂರಾರು ಹಲಗೆಗಳನ್ನು ಕೆರೆದು ತೊಳೆದು ಕಿಟಕಿಗೆ ಹಾಕಿದರು. ಗಾಜು ಒಳ್ಳೆಯದಿತ್ತು. ಸಂಜೆಯ ಓರೆ ಬಿಸಿಲು ಬಿದ್ದಾಗ ಒಂದು ಕಿಟಕಿಯಲ್ಲಿ ಯಾರದೋ ಮೀಸೆ ಕಾಣುತ್ತಿತ್ತು, ಅಣ್ಣ ಅದಕ್ಕೆ ನಮಸ್ಕಾರ ಹೇಳಿ ಶಾಲೆಯ ಪಾಠ ಓದಲು ಕೂರುತ್ತಿದ್ದರು. ಕೆರೆಯದೆ ಉಳಿದದ್ದು ಒಂದೇ ಹಲಗೆ. ಮುತ್ತಜ್ಜ ತಮ್ಮ ಹೆಂಡತಿಯದ್ದೇ ತೆಗೆದ ಫೋಟೋ.

ಕುವೈತ್‌ಗೆ ಬರುವಾಗ ಅವರು ಅದನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ತಂದರು. ಊರಿನಲ್ಲಿ ಬಿಟ್ಟರೆ ಅದೂ ಕಿಟಕಿಯಾಗುತ್ತದೆ ಎನ್ನುವ ಹೆದರಿಕೆ. ಇರಾಕಿನ ಸೈನ್ಯ ನುಗ್ಗಿದ ವರ್ಷ ಕ್ಯಾಮೆರಾ, ಲೈಟು, ಬಟ್ಟೆಬರೆ ಎಲ್ಲವನ್ನೂ ಬಿಟ್ಟು, ಗಾಜಿನ ಹಲಗೆಯನ್ನು ಹೊಟ್ಟೆಗೆ ಕಟ್ಟಿಕೊಂಡು ಮರಳುಗಾಡಿನ ದಾರಿಯಲ್ಲಿ ಜೋರ್ಡಾನಿಗೆ ಹೋಗಿ, ಅಲ್ಲಿ ಟೆಂಟಿನಲ್ಲಿ ಹದಿನೈದು ದಿನ ಅಂಗಾತ ಮಲಗಿಯೇ ನಿದ್ದೆ ಮಾಡಿ, ವಿಮಾನ ಹತ್ತಿ ಊರು ಸೇರಿದರು. ಯುದ್ಧ ಮುಗಿದ ಮೇಲೆ ಮತ್ತೆ ಅದನ್ನು ಹಾಗೇ ತಂದರು. ಒಂದು ಬಿರುಕಿಲ್ಲ.

ನನಗೆ ಅದನ್ನು ತೋರಿಸಿದ್ದು ಪರಿಚಯವಾಗಿ ಆರೇಳು ವರ್ಷದ ಮೇಲೆ. ಅಂಗೈಯಗಲದ ಗಾಜು, ಮರದ ತೆಳು ಚೌಕಟ್ಟು. ಆ ವಿಧಾನದಲ್ಲಿ ಗಾಜಿನ ಮೇಲೆ ಮೂಡುವ ಚಿತ್ರ ಹಾಲಿನ ಕೆನೆಯಂತೆ ತೆಳ್ಳಗೆ, ಬಿಳಿಚಾಗಿರುತ್ತದೆ. ಹಿಂದುಗಡೆ ಕಪ್ಪು ಬಣ್ಣ ಬಳಿದರೆ ಮಾತ್ರ ಮುಖ ಎದ್ದುಕಾಣುತ್ತದೆ. ನೂರಮೂವತ್ತು ವರ್ಷದ ಆ ಕಪ್ಪು, ಕುವೈತ್‌ನ ಸೆಖೆ ಮತ್ತು ಏಸಿಯ ಚಳಿಯ ನಡುವೆ ಹಿಗ್ಗಿ ಕುಗ್ಗಿ ಬಿರುಕುಬಿಟ್ಟಿತ್ತು. ಕುರ್ಚಿಯಲ್ಲಿ ಕೂತ ಒಬ್ಬ ಹೆಂಗಸು, ಬರಿಗಾಲು, ತೊಡೆಯ ಮೇಲೆ ಕೈಗಳು, ಬಲಗೈಯ ಮೂರು ಬೆರಳು ಕಪ್ಪು. ಮುಖದ ಮೇಲೆ ಮಾತ್ರ ಬೂದಿ ಎರಚಿದಂತೆ. ಗಾಜನ್ನು ಅತ್ತಿತ್ತ ಓರೆ ಮಾಡಿದರೆ ಒಂದು ಕಣ್ಣು, ಇನ್ನೂ ಓರೆ ಮಾಡಿದರೆ ತುಟಿ, ಹೀಗೆ ಸಿಗುತ್ತಿತ್ತು.

ನಾನು ತಟ್ಟನೆ ಫೋನ್ ತೆಗೆದೆ. ಅಣ್ಣ ಅಂಗೈಯನ್ನು ಅದರ ಕಣ್ಣಿಗೆ ಅಡ್ಡ ಹಿಡಿದರು. ಹೀಗೆ ಬೂದಿ ಬಡಿದ ಮುಖದ ಫೋಟೋ ಹೊರಟರೆ ನಾಳೆ ಅವರ ಮುಖ ಅದೇ ಆಗಿಬಿಡುತ್ತದೆ, ಬೇಡ ಎಂದರು. ಹಳೆಯ ಕಪ್ಪನ್ನು ತೆಗೆದು, ಹಿಂದೆ ಹೊಸ ಕಪ್ಪು ಮಖಮಲ್ಲು ಇಟ್ಟು, ಉತ್ತರದ ಕಿಟಕಿಯ ಬೆಳಕಿನಲ್ಲಿ ಒಂದೇ ಒಂದು ಒಳ್ಳೆಯ ಫೋಟೋ ತೆಗೆಯುವುದು ಅವರ ಯೋಜನೆ. ಅದಕ್ಕೆ ಗಡಿಬಿಡಿ ಏನು, ಮಾಡೋಣ ಎನ್ನುತ್ತಿದ್ದರು. ತಿಳಿದವರ ಕೈಗೆ ಕೊಡಬಾರದೇ ಎಂದರೆ, ತಿಳಿದವರು ಒಂದು ತಿಂಗಳು ಬಿಟ್ಟುಹೋಗಿ ಅಂತಾರೆ, ನನ್ನಿಂದಾಗದು ಎಂದರು. ಅವತ್ತು ಕದ್ದಾದರೂ ಒಂದು ಹೊಡೆದುಕೊಳ್ಳಬೇಕಿತ್ತು ನಾನು. ದಿನಕ್ಕೆ ನೂರು ಕೆಲಸಕ್ಕೆ ಬಾರದ ಫೋಟೋ ಹೊಡೆಯುವ ಫೋನ್ ಅದು.

ಆ ಒಳ್ಳೆಯ ಫೋಟೋ ಯಾರಿಗೆ ಎನ್ನುವುದೂ ನಿಶ್ಚಯವಾಗಿತ್ತು. ಅವರ ಮಗಳಿಗೆ. ಒಬ್ಬಳೇ ಮಗಳು, ಯುದ್ಧದ ನಂತರ ಹುಟ್ಟಿದವಳು, ಊರಿನಲ್ಲಿ ತಾಯಿಯ ಜೊತೆ ಬೆಳೆದವಳು. ತಾಯಿ ತೀರಿಹೋಗಿ ಕೆಲವು ವರ್ಷವಾಗಿತ್ತು. ಆಕೆಯ ಮುಖ ತಾಯಿಯದ್ದೂ ಅಲ್ಲ, ಇವರದ್ದೂ ಅಲ್ಲ. ನಮ್ಮ ಕಡೆ ಮಕ್ಕಳ ಮುಖ ಯಾರದ್ದು ಎಂದು ತೀರ್ಮಾನವಾಗುವವರೆಗೆ ನೆಂಟರಿಗೆ ನಿದ್ದೆ ಬರುವುದಿಲ್ಲ. ನೀನು ಯಾರ ಮನೆಯ ಮಗು ಮಾರಾಯ್ತಿ ಎಂದು ತಮಾಷೆ ಮಾಡಿಯೇ ಅವಳನ್ನು ಬೆಳೆಸಿದ್ದರು. ಅಪ್ಪ ರಜೆಗೆ ಹೋದಾಗಲೆಲ್ಲ ಅವಳಿಗೆ ಹೇಳುತ್ತಿದ್ದುದು ಒಂದೇ: ನೀನು ನನ್ನ ಮುತ್ತಜ್ಜಿ, ಅಚ್ಚು ಅವರೇ. ನಾನು ಪೂರ್ತಿ ಊರಿಗೆ ಬರುವ ದಿನ ಫೋಟೋ ತಂದು ಗೋಡೆಗೆ ಹಾಕುತ್ತೇನೆ, ಆಮೇಲೆ ಯಾರೂ ಬಾಯಿ ತೆರೆಯುವುದಿಲ್ಲ ಎಂದು. ಅವಳು ಪ್ರತಿ ಫೋನಿನಲ್ಲೂ ಅದನ್ನು ಕೇಳುತ್ತಿದ್ದಳು. ನಾನೇ ಕೇಳಿಸಿಕೊಂಡಿದ್ದೇನೆ.

ಪೂರ್ತಿ ಬರುವ ದಿನ ಹತ್ತಿರವಾಯಿತು. ಗುರುತಿನ ಚೀಟಿಯ ಫೋಟೋವನ್ನು ಜನ ಫೋನಿನಲ್ಲೇ ತೆಗೆದು ಫೋನಿನಲ್ಲೇ ಕಳಿಸುವಂತಾದ ಮೇಲೆ ನನ್ನ ಸಾಲು ಅರ್ಧವಾಯಿತು, ಅವರ ಸಾಲು ಇಲ್ಲವೇ ಇಲ್ಲವೆಂದಾಯಿತು. ವಾರದಲ್ಲಿ ಒಬ್ಬರೋ ಇಬ್ಬರೋ, ಅದೂ ವಯಸ್ಸಾದವರು. ಅಣ್ಣ ಅವರನ್ನು ಕೂರಿಸಿ ಹತ್ತರವರೆಗೂ ಎಣಿಸುತ್ತಿದ್ದರೋ ಏನೋ. ಅಣ್ಣನಿಗೂ ಅರವತ್ತೆಂಟಾಗಿತ್ತು. ಕೈ ನಡುಗಲು ಶುರುವಾಗಿತ್ತು, ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಅವರ ಕಫೀಲ್, ಅಂದರೆ ಇಲ್ಲಿ ಅವರ ಜವಾಬ್ದಾರಿ ಹೊತ್ತ ಕುವೈತಿ ಯಜಮಾನರು, ಒಳ್ಳೆಯ ಮನುಷ್ಯ, ತೀರಿಕೊಂಡರು. ಅವರ ಮಗ ಬಂದು, ಕೂತು, ಚಹಾ ಕುಡಿದು, ಅರಬಿಯಲ್ಲಿ ಅಮ್ಮೀ, ಅಂದರೆ ಚಿಕ್ಕಪ್ಪಾ, ಇನ್ನು ಖಲಾಸ್ ಎಂದು ಮೆತ್ತಗೆ ಹೇಳಿಹೋದ. ಇಕಾಮಾ ರದ್ದು ಮಾಡುವ ಅರ್ಜಿಯನ್ನು ನಾನೇ ಟೈಪ್ ಮಾಡಿದೆ.

ಟಿಕೆಟ್ಟಿನ ಮೊದಲಿನ ಶುಕ್ರವಾರ ಬೆಳಗ್ಗೆ ಅಣ್ಣ ನನ್ನನ್ನು ಕರೆದರು. ಪರದೆ ಬಿಚ್ಚಿ ಸುತ್ತಿಟ್ಟಿದ್ದರು. ಉತ್ತರದ ಕಿಟಕಿಯ ಕೆಳಗೆ ಮೇಜು, ಅದರ ಮೇಲೆ ಮಖಮಲ್ಲು, ಸ್ಪಿರಿಟ್ಟಿನ ಬಾಟಲಿ, ಹತ್ತಿ. ಕ್ಯಾಮೆರಾ ಸ್ಟ್ಯಾಂಡಿಗೆ ಏರಿ ಸಿದ್ಧವಾಗಿತ್ತು. ಕಪ್ಪನ್ನು ತೆಗೆಯುವುದು ನನ್ನ ಕೈಯಲ್ಲಿ. ಅವರ ಕೈ ನಂಬುವ ಹಾಗಿರಲಿಲ್ಲ. ನಾನು ಹೆದರಿದೆ, ಬೇಡ ಎಂದೆ. ಅವರು ಹೆದರಬೇಡ ಎಂದರು. ಮುತ್ತಜ್ಜನ ಎಲ್ಲ ಹಲಗೆಗಳಲ್ಲೂ ಚಿತ್ರ ಗಾಜಿನ ಒಂದು ಬದಿ, ಕಪ್ಪು ಅದರ ಆಚೆ ಬದಿ. ನಮ್ಮಪ್ಪ ಹಲಗೆ ಕೆರೆಯುವುದನ್ನು ಕಣ್ಣಾರೆ ಕಂಡಿದ್ದೇನೆ, ನಡುವೆ ಗಾಜು ಇದೆ, ಕಪ್ಪು ಒರೆಸಿದರೆ ಚಿತ್ರಕ್ಕೆ ಏನೂ ಆಗುವುದಿಲ್ಲ ಎಂದರು. ಮೊದಲು ಒಂದು ಮೂಲೆಯಲ್ಲಿ ಒರೆಸಿ ನೋಡಿಸಿದರು. ಕಪ್ಪು ಹೋಗಿ ತಿಳಿ ಗಾಜು ಕಂಡಿತು. ಆ ಮೂಲೆಯಲ್ಲಿ ಇದ್ದುದು ಬರೀ ಕತ್ತಲೆ, ಅಲ್ಲಿ ಚಿತ್ರವೇ ಇಲ್ಲ, ಹಾಗಾಗಿ ತಿಳಿ ಗಾಜೇ ಸರಿ. ನೋಡಿದೆಯಾ ಎಂಬಂತೆ ತಲೆಯಾಡಿಸಿದರು.

ಬಿರುಕು ಹೆಚ್ಚಿರುವುದು ಮುಖದಲ್ಲಿ, ಅಲ್ಲಿಂದಲೇ ಹಿಡಿ ಎಂದರು. ನಾನು ಸಣ್ಣ ಸಣ್ಣ ಸುತ್ತಿನಲ್ಲಿ ಒರೆಸುತ್ತ ಹೋದೆ. ಹತ್ತಿ ಕಪ್ಪಾಯಿತು, ಇನ್ನೊಂದು ತೆಗೆದುಕೊಂಡೆ. ಮುಖ, ಕುತ್ತಿಗೆ, ತೋಳು, ಕೈ. ಅವರು ನನ್ನ ಹೆಗಲ ಹಿಂದೆ ನಿಂತು ಅಲ್ಲಾಡಬೇಡ ಎಂದು ಮೆಲ್ಲಗೆ ಹೇಳುತ್ತಿದ್ದರು. ಕಾಲಿನವರೆಗೆ ಬಂದಾಗ ಒಂದು ಹತ್ತಿಯ ಉಂಡೆಯಲ್ಲಿ ಕಪ್ಪಿನ ಜೊತೆ ಬಿಳಿಯ ಪೊರೆಯಂಥದ್ದು ಕಂಡಿತು. ಬೆಂದ ಹಾಲಿನ ಕೆನೆ ಬೆರಳಿಗೆ ಅಂಟಿದ ಹಾಗೆ. ನಾನು ನಿಲ್ಲಿಸಿದೆ. ಅಣ್ಣ ಗಾಜನ್ನು ತೆಗೆದು ಮಖಮಲ್ಲಿನ ಮೇಲೆ ಇಟ್ಟರು.

ಏನೂ ಇರಲಿಲ್ಲ. ಕೆಳಗೆ ಕುರ್ಚಿಯ ಒಂದು ಕಾಲು, ಸೀರೆಯ ಅಂಚು, ಒಂದು ಪಾದದ ಹೆಬ್ಬೆರಳು. ಅದರ ಮೇಲೆ ಕಿಟಕಿಯ ಗಾಜು.

ಅವರು ಕೂತರು. ನಾನು ಕ್ಷಮಿಸಿ ಎಂದೆನೋ, ಎನ್ನಲಿಲ್ಲವೋ, ಅದೂ ನೆನಪಿಲ್ಲ. ಆಮೇಲೆ ಅವರು ತಮ್ಮ ಬಲಗೈ ಎತ್ತಿ, ಮೂರು ಬೆರಳು ಚಾಚಿ ನೋಡಿಕೊಂಡರು.

"ಬಲಗೈಯೇ ಕಾಣ್ತಿತ್ತಲ್ಲ ಮಾರಾಯ. ಗಾಜಿನ ಫೋಟೋದಲ್ಲಿ ಬಲ ಎಡ ಆಗ್ಬೇಕು. ಆಗಿರ್ಲಿಲ್ಲ. ಅವರ ಕೈ ಸರಿಯಾಗಿ ಕಾಣ್ಲಿ ಅಂತ ಮುತ್ತಜ್ಜ ಚಿತ್ರದ ಮೇಲೆಯೇ ಕಪ್ಪು ಬಳಿದು ಆಚೆಯಿಂದ ನೋಡಿದ್ದು. ನಲ್ವತ್ತು ವರ್ಷ ನೋಡಿದೆ ನಾನು. ತಲೆಗೆ ಹೋಗ್ಲಿಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ವಿಧಾನದ ಚಿತ್ರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತವೆ. ಬೇರೆ ಗಿರಾಕಿಗಳೆಲ್ಲ ಹಾಗೇ ತಿರುಗುಮುರುಗಾಗಿ ಮನೆಗೆ ಹೋದರು. ಹೆಂಡತಿಯೊಬ್ಬಳನ್ನು ಮಾತ್ರ ಆ ಮನುಷ್ಯ ಸರಿಯಾಗಿ ನೋಡಲು ಬಯಸಿದ. ಕೆಲಸ ಮಾಡಿದ ಕೈ ಯಾವುದೋ ಅದೇ ಕೈ ಕಾಣಬೇಕೆಂದುಕೊಂಡ. ಅದಕ್ಕೆ ಗಾಜನ್ನು ಮಗುಚಿ, ಕಪ್ಪನ್ನು ಚಿತ್ರದ ಮೇಲೆಯೇ ಹಚ್ಚಿದ. ಅಣ್ಣ ಹಾಳಾದೀತೆಂದು ಆ ಬದಿಯನ್ನು ಒಂದು ದಿನವೂ ಬೆರಳಿಂದ ಮುಟ್ಟಿರಲಿಲ್ಲ. ಅಂಗಡಿಯ ಸಿಂಕಿನಲ್ಲಿ ನಾನು ಕೈ ತೊಳೆಯಲು ನಿಂತಾಗ ನನ್ನ ಬೆರಳುಗಳೂ ಕಪ್ಪಾಗಿದ್ದವು. ಸೋಪಿಗೆ ಹೋಯಿತು.

ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದವನೂ ನಾನೇ. ದಾರಿಯಲ್ಲಿ ಮಗಳಿಗೆ ಏನು ಹೇಳುತ್ತೀರಿ ಎಂದು ಕೇಳಿದೆ. ಏನಾದರೂ ಹೇಳುತ್ತೇನೆ ಎಂದರು. ಚೆಕ್ಕಿಂಗಿನ ಸಾಲಿಗೆ ಸೇರುವ ಮೊದಲು ಹತ್ತಿಬಟ್ಟೆಯ ಗಂಟನ್ನು ನನ್ನ ಕೈಗೆ ಕೊಟ್ಟು, ಇದನ್ನು ಊರಿಗೆ ಒಯ್ಯಲಾರೆ, ಎಸೆಯಲೂ ಆರೆ, ನೀನು ಇಟ್ಟುಕೋ ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಗಾಜಿನ ಬಾಗಿಲು ದಾಟುವಾಗ ಒಮ್ಮೆಯೂ ತಿರುಗಿ ನೋಡಲಿಲ್ಲ. ಆಮೇಲೆ ಅವರು ಬದುಕಿದ್ದು ಹನ್ನೊಂದು ತಿಂಗಳು. ನಾನು ಮಾಡಿದ ಫೋನುಗಳಲ್ಲಿ ಸಕ್ಕರೆ ಕಾಯಿಲೆ, ಸೆಖೆ, ರಸ್ತೆ ಅಗಲ ಮಾಡಿದ್ದು, ಇವುಗಳನ್ನೇ ಮಾತಾಡಿದೆವು.

ಅವರ ಹನ್ನೆರಡನೇ ದಿನದ ಕಾರ್ಯ ಮುಗಿದ ಮರುದಿನ ಮಗಳ ಫೋನ್ ಬಂತು. ನನ್ನನ್ನು ಅಂಕಲ್ ಎಂದು ಕರೆದಳು, ಗಟ್ಟಿ ದನಿ, ಅತ್ತಿರಲಿಲ್ಲ. ಪಪ್ಪ ಕೊನೆಯ ವಾರದಲ್ಲೂ ಹೇಳಿದರಂತೆ, ಮುತ್ತಜ್ಜಿಯ ಫೋಟೋ ಕುವೈತ್‌ನಲ್ಲಿ ಟೈಪಿಂಗ್ ಆಫೀಸಿನವನ ಹತ್ತಿರ ಭದ್ರವಾಗಿದೆ, ದಾರಿಯಲ್ಲಿ ಒಡೆಯಬಹುದೆಂದು ತರಲಿಲ್ಲ, ಕೇಳಿ ತರಿಸಿಕೋ ಎಂದು. ಗೋಡೆಯಲ್ಲಿ ಮೊಳೆ ಹೊಡೆದು ಇಟ್ಟಿದ್ದಾರೆ, ಪಪ್ಪನೇ ಹೊಡೆಸಿದ್ದು ಎಂದಳು. ಸಾಯುವ ಮನುಷ್ಯ ನನ್ನನ್ನು ಕಾಪಾಡಿದರೋ, ತಮ್ಮನ್ನೋ, ಮಗಳನ್ನೋ, ನನಗೆ ತಿಳಿಯಲಿಲ್ಲ. ಜೀವಮಾನದಲ್ಲಿ ಅವರು ಹೊರಗೆ ಬಿಟ್ಟ ಒಂದೇ ಒಂದು ಕೆಟ್ಟ ಫೋಟೋ ಆ ಸುಳ್ಳು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಒರೆಸಿದ ಕೈ ನನ್ನದು ಎನ್ನುವುದನ್ನೂ ಹೇಳಿದೆ.

ಆಗ ಅವಳು ಕೇಳಿದಳು:

"ನೀವು ನೋಡಿದ್ದೀರಲ್ಲ ಅಂಕಲ್. ಅಮ್ಮನೂ ಇಲ್ಲ, ಪಪ್ಪನೂ ಇಲ್ಲ, ನೋಡಿದವರು ಅಂತ ಇರೋದು ನೀವೊಬ್ರೇ. ನನ್ನ ಫೋಟೋ ಕಳಿಸ್ತೇನೆ. ಹೋಲ್ತದಾ ಇಲ್ವಾ ಅಷ್ಟು ಹೇಳಿ ಸಾಕು."

ಫೋಟೋ ಬಂತು. ಹೊರಗೆ ಹಗಲ ಬೆಳಕಿನಲ್ಲಿ ತೆಗೆದದ್ದು, ಹಿಂದೆ ಬರೀ ಗೋಡೆ. ಯಾರೂ ಹೇಳದೆಯೇ ಗಲ್ಲ ಸ್ವಲ್ಪ ಎತ್ತಿ, ನಗದೆ, ನೇರ ನೋಡುತ್ತಿದ್ದಾಳೆ. ಅಪ್ಪ ಕಲಿಸಿರಬೇಕು. ನಾನು ಆ ಮುಖವನ್ನು ದೊಡ್ಡದು ಮಾಡಿ ನೋಡಿದೆ, ಸಣ್ಣದು ಮಾಡಿ ನೋಡಿದೆ. ಕಣ್ಣು ಮುಚ್ಚಿ ಗಾಜನ್ನು ನೆನೆದೆ. ಕುರ್ಚಿ ಬಂತು, ಸೀರೆಯ ಅಂಚು ಬಂತು, ಕಪ್ಪು ಬೆರಳು ಮೂರೂ ಬಂದವು. ಮುಖದ ಜಾಗದಲ್ಲಿ ಬಿರುಕು ಬಂತು. ಬಿರುಕುಗಳನ್ನು ಮಾತ್ರ ನನ್ನ ಮನಸ್ಸು ಒಂದೂ ಬಿಡದೆ ಇಟ್ಟುಕೊಂಡಿತ್ತು. ಒಂದರಿಂದ ಎಂಟರವರೆಗೆ ಎಣಿಸಿಯೂ ನೋಡಿದೆ.

ಹೌದು, ಅಚ್ಚು ಅದೇ ಮುಖ ಎಂದು ಬರೆದೆ. ಒತ್ತಿ ಕಳಿಸುವುದೊಂದು ಬಾಕಿ. ಯಾರೂ ನನ್ನನ್ನು ಪ್ರಶ್ನೆ ಮಾಡುವ ಹಾಗಿಲ್ಲ. ಅವಳು ಆ ಮಾತನ್ನು ಮೊಳೆಗೆ ನೇತುಹಾಕಿಕೊಂಡು ಬದುಕಬಹುದಿತ್ತು. ಆದರೆ ಬುಟ್ಟಿಯಲ್ಲಿ ಬಿದ್ದ ಆ ನರ್ಸಿನ ನಾಲ್ಕು ಚೂರು ಕಣ್ಣಿಗೆ ಕಟ್ಟಿತು. ಬರೆದದ್ದನ್ನು ಅಳಿಸಿದೆ. ನನಗೆ ನೆನಪಿಲ್ಲಮ್ಮ, ಗೊತ್ತಾಗುವುದಿಲ್ಲ ಎಂದು ಬರೆದು ಕಳಿಸಿದೆ.

ಅವಳು ಓದಿದಳು ಎನ್ನುವುದಕ್ಕೆ ಎರಡು ನೀಲಿ ಗೆರೆ ಬಿದ್ದವು. ಆಮೇಲೆ ಅವಳು ಏನೂ ಬರೆಯಲಿಲ್ಲ. ಇವತ್ತಿಗೆ ಇಪ್ಪತ್ತಾರು ದಿನ.